ನಾಯ್‌ಲಾಂಡ್ ಅಕ್ಷರಮಾದರಿ: ರೂಪ, ಬಳಕೆ ಮತ್ತು ಅರ್ಥಾರೋಪ

ಮುದ್ರಿತ ಪಠ್ಯದ ಅರ್ಥವನ್ನು ವಿವರಿಸುವಾಗ ಭಾಷಾವಿಜ್ಞಾನವು ಅಕ್ಷರದ ಆಕಾರವನ್ನು ಸಾಮಾನ್ಯವಾಗಿ ಬದಿಗಿರಿಸುತ್ತದೆ. ಲಿಪ್ಯಂತರದಲ್ಲಿ ಉಳಿಯುವುದಷ್ಟೇ ಭಾಷೆ ಎಂಬ ಗ್ರಹಿಕೆ ಇದರ ಹಿಂದಿದೆ. ಈ ಗ್ರಹಿಕೆಯ ಮಿತಿಯನ್ನು ನಾಯ್‌ಲಾಂಡ್ ಎಂಬ ಶೀರ್ಷಿಕೆಯಕ್ಷರದ ಚರಿತ್ರೆಯ ಮೂಲಕ ಇಲ್ಲಿ ಪರಿಶೀಲಿಸುತ್ತೇವೆ.

ರುಡಾಲ್ಫ್ ಕೋಖ್ (1876–1934) ಇದನ್ನು 1923ರಲ್ಲಿ ಜರ್ಮನಿಯ ಆಫೆನ್‌ಬಾಖ್ ನಗರದ ಕ್ಲಿಂಗ್ಸ್‌ಪೋರ್ ಅಚ್ಚುಮೊಳೆ ಸಂಸ್ಥೆಗಾಗಿ ರೂಪಿಸಿದರು. ಮೊದಲು ಕಾಗದದ ಮೇಲೆ ಬರೆದುಕೊಳ್ಳದೆ ಲೋಹದ ಪಂಚ್‌ಗಳನ್ನು ತಾವೇ ನೇರವಾಗಿ ಕೊರೆದರು. ಆದುದರಿಂದ ಒಂದೇ ಅಕ್ಷರವು ಅಳತೆಯಿಂದ ಅಳತೆಗೆ ತುಸು ಭಿನ್ನವಾಗಿದೆ. ಇದರಲ್ಲಿರುವುದು ದೊಡ್ಡಕ್ಷರಗಳು ಮಾತ್ರ. ಗೆರೆ ದಪ್ಪ, ಅಂಚು ಒರಟು. ಕೋಖ್ ಶ್ರದ್ಧಾವಂತ ಲೂಥರನ್ ಕ್ರೈಸ್ತರು, ಗಾಥಿಕ್ ಬರಹದಲ್ಲಿ ಪಳಗಿದವರು. ಅವರ ಪರಂಪರೆಗೂ ಆಫ್ರಿಕಕ್ಕೂ ಸಂಬಂಧವಿಲ್ಲ.

ಆದರೂ ಅಮೆರಿಕದ ಮುದ್ರಣದಲ್ಲಿ ಈ ಅಕ್ಷರವು ಆಫ್ರಿಕದ, ಕಾಡಿನ, ‘ಆದಿಮ’ತೆಯ ಗುರುತಾಯಿತು. 1993ರ ‘ಜುರಾಸಿಕ್ ಪಾರ್ಕ್’ ಚಿತ್ರದ ಶೀರ್ಷಿಕೆಯೂ ಇದರ ಮಾದರಿಯದೇ. ಕ್ಯಾರಲ್ ಟ್ವಾಂಬ್ಲಿ 1989ರಲ್ಲಿ ಅಡೋಬಿಗಾಗಿ ರಚಿಸಿದ ಲಿಥೋಸ್ ಪ್ರಾಚೀನ ಗ್ರೀಕ್ ಶಿಲಾಶಾಸನಗಳಿಂದ ಸ್ಫೂರ್ತಿ ಪಡೆದುದು. ಅದಕ್ಕೂ ಇದೇ ಗತಿ ಒದಗಿತು. ಇವೆರಡನ್ನೂ ಜೊತೆಯಲ್ಲಿಟ್ಟು ರಾಬ್ ಜಂಪಿಯೆತ್ರೊ ಇಂಥ ಬಳಕೆಯ ಹಿಂದಿನ ಜನಾಂಗೀಯ ಪೂರ್ವಗ್ರಹವನ್ನು ವಿಮರ್ಶಿಸಿದ್ದಾರೆ. ನಮ್ಮ ಪ್ರಶ್ನೆ ಸಂಕೇತವಿಜ್ಞಾನದ್ದು: ಈ ಅರ್ಥ ಎಲ್ಲಿಂದ ಬಂದಿತು?

ಆಕಾರದಲ್ಲಿಯೇ ಅರ್ಥವಿದೆ ಎನ್ನುವುದಾದರೆ ಜರ್ಮನ್ ಮೂಲವನ್ನು ವಿವರಿಸಲಾಗದು. ಸಂಬಂಧ ಸಂಪೂರ್ಣ ಯಾದೃಚ್ಛಿಕ ಎನ್ನುವುದಾದರೆ ಈ ಒರಟು ಅಂಚೇ ಏಕೆ ಆಯ್ಕೆಯಾಯಿತೆಂದು ಹೇಳಲಾಗದು. ಜೂಡಿತ್ ಅರ್ವಿನ್ ಮತ್ತು ಸೂಸನ್ ಗಾಲ್ ವಿವರಿಸಿರುವ ಪ್ರತಿಮೀಕರಣದ ಪರಿಕಲ್ಪನೆ ಇಲ್ಲಿ ಉಪಯುಕ್ತ. ಉಳಿಯ ಗುರುತು ಮೊದಲಿಗೆ ಕೊರೆದ ಕೈಯ ಸೂಚಕ. ‘ಕೈಯಿಂದ ಕೊರೆದದ್ದು ಅನಾಗರಿಕ’ ಎಂಬ ಪೂರ್ವಗ್ರಹ ಅದಕ್ಕೆ ಸೇರಿದಾಗ, ಬಳಕೆಯಿಂದ ಹುಟ್ಟಿದ ನಂಟು ಸಹಜ ಸಾದೃಶ್ಯದಂತೆ ತೋರುತ್ತದೆ. ಗಣಕದ ಅಕ್ಷರಗಳಲ್ಲಿ ಈ ಮರೆಮಾಚುವಿಕೆ ಪೂರ್ಣಗೊಳ್ಳುತ್ತದೆ. ಅಲ್ಲಿ ಒಂದೇ ರೇಖಾರೂಪ ಎಲ್ಲ ಅಳತೆಗೂ ಹಿಗ್ಗುತ್ತದೆ. ಕೈ ಇಲ್ಲ, ಕೈಯ ಗುರುತು ಮಾತ್ರ ಇದೆ.

ಪೂರ್ವಗ್ರಹದ ಜೊತೆಗೆ ಅಳಿಸಿಹಾಕುವಿಕೆಯೂ ಇಲ್ಲಿ ನಡೆಯುತ್ತದೆ. ಇಥಿಯೋಪಿಯದ ಗೀಜ್, ಲೈಬೀರಿಯದ ವಾಯ್, 1949ರಲ್ಲಿ ಸೊಲೊಮಾನ ಕಾಂತೆ ರಚಿಸಿದ ಎನ್‌ಕೊ — ಸ್ವಂತ ಲಿಪಿಗಳಿರುವ ಖಂಡವನ್ನು ಲಿಪಿಯಿಲ್ಲದ ಕಾಡಿನಂತೆ ತೋರಿಸುವ ಕೆಲಸವನ್ನು ರೋಮನ್ ಲಿಪಿಯ ಒಂದು ಜರ್ಮನ್ ವಿನ್ಯಾಸ ಮಾಡುತ್ತದೆ.

ಆದ್ದರಿಂದ ಭಾಷಿಕ ಭೂದೃಶ್ಯದ ಅಧ್ಯಯನಗಳು ಫಲಕದಲ್ಲಿ ಯಾವ ಭಾಷೆಯಿದೆ, ಯಾವ ಲಿಪಿಯಿದೆ ಎಂದು ದಾಖಲಿಸಿದರೆ ಸಾಲದು. ಅಕ್ಷರದ ವಿನ್ಯಾಸವನ್ನೂ ದತ್ತಾಂಶವಾಗಿ ಪರಿಗಣಿಸಬೇಕು. ಆದರೆ ಪ್ರತಿ ವಿನ್ಯಾಸಕ್ಕೂ ನಿಘಂಟಿನಂತೆ ಒಂದು ಅರ್ಥವನ್ನು ಗೊತ್ತುಪಡಿಸುವುದು ತಪ್ಪಾದೀತು. ಹಾಗೆ ಮಾಡಿದರೆ ನಾವು ವಿಮರ್ಶಿಸುತ್ತಿರುವ ಪ್ರತಿಮೀಕರಣವನ್ನೇ ಶಾಸ್ತ್ರದ ಹೆಸರಿನಲ್ಲಿ ಮುಂದುವರಿಸಿದಂತಾಗುತ್ತದೆ. ದಾಖಲಾಗಬೇಕಾದುದು ಬಳಕೆಯ ಸರಣಿ: ಯಾರು, ಯಾವಾಗ, ಯಾರನ್ನು ಕುರಿತು ಆ ಅಕ್ಷರವನ್ನು ಆರಿಸಿಕೊಂಡರು ಎಂಬುದು.