ಹತ್ತು ದಿನದ ಕಾಫಿ

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಂಗಿಯ ಮಗಳು ಪುತ್ತರಿ ಹಬ್ಬಕ್ಕೆ ಕೊಡಗಿನ ನಮ್ಮ ಮನೆಗೆ ಬಂದವಳು ಲ್ಯಾಪ್‌ಟಾಪ್ ತೆರೆದು, ‘ಮಾವ, ನನ್ನ ತೋಟ ನೋಡಿ’ ಎಂದಳು. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಆಟ. ಬಿತ್ತಿದ ಹತ್ತು ದಿನಕ್ಕೆ ಕಾಫಿ ಫಸಲು, ಆಮೇಲೆ ಎರಡು ದಿನಕ್ಕೊಮ್ಮೆ ಕುಯ್ಲು! ನಮ್ಮ ಗಿಡಕ್ಕೆ ಮೂರು-ನಾಲ್ಕು ವರ್ಷ ಬೇಕೆಂದು ಗೊಣಗಿದೆ. ಆದರೆ ರಾತ್ರಿ ಹನ್ನೊಂದಾದರೂ ಅವಳ ಪಕ್ಕದಿಂದ ಏಳಲಿಲ್ಲ.

ಈ ಬಗೆಯ ಆಟಕ್ಕೆ ದಾರಿ ಹಾಕಿದವರು ಜಪಾನಿನ ಯಾಸುಹಿರೊ ವಾಡಾ. ಮಿಯಾಜಾಕಿಯ ಹಳ್ಳಿಗಾಡಿನವರು, ಊರು ಸಾಕೆಂದು ಟೋಕಿಯೊ ಸೇರಿದರು. ಅಲ್ಲಿ ಊರು ಕಾಡತೊಡಗಿತು. ಹೊಡೆದಾಟವೇ ಇಲ್ಲದ ಆಟ ಮಾಡಹೊರಟರೆ, ತಯಾರಿಸುತ್ತಿದ್ದ ಕಂಪನಿ ನಡುವೆಯೇ ದಿವಾಳಿಯೆದ್ದಿತು. ಉಳಿದ ಬೆರಳೆಣಿಕೆಯ ಜನ 1996ರಲ್ಲಿ ಅದನ್ನು ಮುಗಿಸಿದರು. ಹೊರದೇಶಗಳಿಗೆ ಅದು ‘ಹಾರ್ವೆಸ್ಟ್ ಮೂನ್’ ಆಯಿತು. ಆ ಸರಣಿಯನ್ನು ಆಡಿ ಬೆಳೆದ ಅಮೆರಿಕದ ಎರಿಕ್ ಬರೋನ್, ಸಿಯಾಟಲ್‌ನ ಥಿಯೇಟರೊಂದರಲ್ಲಿ ಸೀಟು ತೋರಿಸುವ ಕೆಲಸ ಮಾಡಿಕೊಂಡೇ, ಚಿತ್ರ, ಸಂಗೀತ, ಕೋಡು ಎಲ್ಲವನ್ನೂ ಒಬ್ಬನೇ ಮಾಡಿ 2016ರಲ್ಲಿ ಸ್ಟಾರ್‌ಡ್ಯೂ ತಂದ.

ಒಬ್ಬರು ಊರು ಬಿಟ್ಟವರು, ಇನ್ನೊಬ್ಬ ಅವರ ನೆನಪನ್ನು ಆಡಿದವನು. ನೆನಪಿನ ತೋಟದಲ್ಲಿ ಮಳೆ ಕೈಕೊಡುವುದಿಲ್ಲ. ಆಟದೊಳಗಿನ ಟೀವಿ ನಾಳೆ ಮಳೆ ಎಂದರೆ ಮಳೆಯೇ. ಇಲ್ಲಿ ಮಾರ್ಚಿನಲ್ಲಿ ಹೂಮಳೆಗೆ ಆಕಾಶ ನೋಡುತ್ತ ಕೂತು, ನಾಲ್ಕು ಹನಿ ಬಿದ್ದ ರಾತ್ರಿಯೇ ‘ನಿಮ್ಮಲ್ಲಿ ಎಷ್ಟು ಸೆಂಟ್ ಮಳೆ?’ ಎಂದು ಫೋನು. ಸಾಲದೆ ಹೋದರೆ ಮೊಗ್ಗು ಅರಳುವುದಿಲ್ಲ, ಮುಂದಿನ ವರ್ಷದ ಫಸಲೂ ಅಷ್ಟಕ್ಕಷ್ಟೆ.

ಆಟದಲ್ಲಿ ಮಳೆ ತಪ್ಪದಿರುವುದನ್ನು ಕ್ಷಮಿಸಬಹುದು, ದಣಿದು ಬಂದವರಿಗೆ ಅನಾವೃಷ್ಟಿಯನ್ನೂ ಕೊಡಬೇಕೆ? ದಿನವೂ ನೀರು ಹಾಕಿ, ಚಿಗುರು ನೋಡಿ ಮಲಗುವ ಸಣ್ಣ ಸುಖವನ್ನಂತೂ ಬರೋನ್ ಚೆನ್ನಾಗಿ ಹಿಡಿದಿದ್ದಾನೆ. ನನ್ನ ತಕರಾರು ಬೇರೆ. ಆಟ ಮುಂದುವರಿದಂತೆ ಜುನಿಮೊ ಎಂಬ ಕಾಡಿನ ಪುಟ್ಟ ಜೀವಿಗಳು ತಾವೇ ಬಂದು ಕುಯ್ಲು ಮಾಡುತ್ತವೆ. ಕೂಲಿ ಕೇಳುವುದಿಲ್ಲ. ಲೈನ್‌ಮನೆಯ ಯರವ ಕಾರ್ಮಿಕರನ್ನೂ ಈಗ ಅಸ್ಸಾಮಿನಿಂದ ಬರುವವರನ್ನೂ ಅಳಿಸಿಬಿಟ್ಟರೆ ನಮ್ಮ ತೋಟವೂ ಅಷ್ಟೇ ನೆಮ್ಮದಿಯ ಚಿತ್ರ. ನಮ್ಮ ಹೋಂಸ್ಟೇ ಜಾಹೀರಾತುಗಳು ಮಾಡುತ್ತಿರುವುದೂ ಅದನ್ನೇ: ಮಂಜು, ಕಾಫಿ ಹೂವು, ಹೆಂಚಿನ ಮನೆ, ಜನವಿಲ್ಲ.

ಮರುದಿನ ಸಂಜೆ ಅವಳೂ ಕಣಕ್ಕೆ ಬಂದಳು. ತೋಟದ ರೈಟರು ಕೆಲಸದವರ ಹೆಸರು ಕೂಗಿ ಕೂಗಿ ಕಿಲೊ ಬರೆದುಕೊಳ್ಳುವುದನ್ನು ನೋಡುತ್ತ, ‘ಇವರೆಲ್ಲ ಯಾವೂರಿನವರು ಮಾವ?’ ಎಂದಳು. ನನಗೆ ಇಬ್ಬರ ಊರಷ್ಟೇ ಗೊತ್ತಿತ್ತು.