ಡೆಬಿಯನ್ 13: ಪ್ರೋಗ್ರಾಮ್ ಬರೆಯುವವರಿಗೆ ಒಗ್ಗೀತೆ?

ಲಿನಕ್ಸ್ ಎಂಬುದು ನಿಜವಾಗಿ ಒಂದು ಕರ್ನಲ್ ಮಾತ್ರ. ಅದಕ್ಕೆ ಸಂಕಲಕ, ಸಂಪಾದಕ, ಅಕ್ಷರಶೈಲಿ, ಪರದೆಯ ಕಿಟಕಿಗಳು ಇವನ್ನೆಲ್ಲ ಜೋಡಿಸಿ ಹಂಚುವ ಕಟ್ಟಿಗೆ ವಿತರಣೆ ಎಂದು ಹೆಸರು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಇವುಗಳಲ್ಲಿ ಹಿರಿಯವುಗಳ ಸಾಲಿಗೆ ಸೇರಿದ್ದು. ಉಬುಂಟು ಮಾತ್ರವಲ್ಲ, ನಮ್ಮ ಸಿ-ಡ್ಯಾಕ್‌ನ ಬಾಸ್ ಕೂಡ ಇದರ ಮೇಲೆಯೇ ನಿಂತಿದೆ. ಇದರ 13ನೇ ಆವೃತ್ತಿ 'ಟ್ರಿಕ್ಸಿ' 2025ರ ಆಗಸ್ಟ್ 9ರಂದು ಬಿಡುಗಡೆಯಾಯಿತು. ಅದೇ ವರ್ಷ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಯಂತ್ರಗಳನ್ನು ಒಪ್ಪುವುದಿಲ್ಲ. ಗಟ್ಟಿಮುಟ್ಟಾಗಿರುವ ಗಣಕವನ್ನು ಗುಜರಿಗೆ ಹಾಕಬೇಕೆ ಎಂಬುದು ಈಗ ಹಲವರ ಪ್ರಶ್ನೆ.

ಹಿರಿಯಡ್ಕದ ನನ್ನ ಮನೆಯಲ್ಲಿ 4 ಜಿಬಿ ಸ್ಮೃತಿಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಇದನ್ನು ಹಾಕಿ, ಪೈಥಾನ್ ಮತ್ತು ಸಿ ಭಾಷೆಗಳಲ್ಲಿ ಕೆಲವು ವಾರ ಕೆಲಸ ಮಾಡಿದೆ. ಭಾರವಾದ ಗ್ನೋಮ್ ಬದಲು ಎಕ್ಸ್‌ಎಫ್‌ಸಿಇ ಆರಿಸಿದ್ದರಿಂದ ಯಂತ್ರ ಏದುಸಿರು ಬಿಡಲಿಲ್ಲ. ವೈಫೈಗೆ ಬೇಕಾದ ಫರ್ಮ್‌ವೇರನ್ನು ಹುಡುಕಿ ತರುವ ಹಳೆಯ ರಗಳೆ 12ನೇ ಆವೃತ್ತಿಯಿಂದಲೇ ಇಲ್ಲ. ಡಿವಿಡಿ ಗಾತ್ರದ ಕಡತವನ್ನು ಒಮ್ಮೆ ಪೆನ್‌ಡ್ರೈವಿಗೆ ಇಳಿಸಿಕೊಂಡರೆ ಅಂತರಜಾಲವಿಲ್ಲದೆಯೂ ಸ್ಥಾಪಿಸಬಹುದು. ಮಳೆಗಾಲದಲ್ಲಿ ವಿದ್ಯುತ್ತೂ ಜಾಲವೂ ಒಟ್ಟಿಗೆ ಹೋಗುವ ಊರುಗಳಲ್ಲಿ ಇದು ಸಣ್ಣ ಮಾತಲ್ಲ.

ಡೆಬಿಯನ್‌ನ ಗುಣ ಮತ್ತು ದೋಷ ಎರಡೂ ಒಂದೇ: ಅದು ಅಲುಗುವುದಿಲ್ಲ. ಜಿಸಿಸಿ 14, ಪೈಥಾನ್ 3.13, ಪೋಸ್ಟ್‌ಗ್ರೆ ಎಸ್‌ಕ್ಯೂಎಲ್ 17 ಇವು ಈ ಆವೃತ್ತಿ ಇರುವ ತನಕ ಹಾಗೆಯೇ ಇರುತ್ತವೆ, ದೋಷ ಪರಿಹಾರಗಳಷ್ಟೇ ಬರುತ್ತವೆ. ಮೂರು ವರ್ಷ ಪೂರ್ಣ ಬೆಂಬಲ, ಬಳಿಕ ಎರಡು ವರ್ಷ ದೀರ್ಘಾವಧಿ ಬೆಂಬಲ. ಆರು ತಿಂಗಳಿಗೊಮ್ಮೆ ಬದಲಾಗುವ ಫೆಡೋರಾ ಹಾಕಿದವರು ಪ್ರತಿ ವರ್ಷವೂ ದೊಡ್ಡ ಇಳಿಕೆಗೆ ಸಿದ್ಧರಿರಬೇಕು. ಆದರೆ ಜಾಲತಾಣ ಕಟ್ಟುವವರಿಗೆ ಇಲ್ಲಿ ಸಿಗುವುದು ನೋಡ್ 20. ಅದನ್ನು ತಯಾರಿಸಿದವರು ನಿಗದಿ ಮಾಡಿದ ಬೆಂಬಲದ ಗಡುವೇ 2026ರ ಏಪ್ರಿಲ್! ಹೊಸತು ಬೇಕಾದವರು ಹೊರಗಿನಿಂದಲೇ ತರಬೇಕು.

ಪಿಪ್ ಬಳಸಿ ಪೈಥಾನ್ ಗ್ರಂಥಾಲಯ ಹಾಕಹೊರಟ ವಿದ್ಯಾರ್ಥಿಗೆ ವ್ಯವಸ್ಥೆ ನೇರವಾಗಿ 'ಇಲ್ಲ' ಎನ್ನುತ್ತದೆ. ವ್ಯವಸ್ಥೆಯದೇ ಪೈಥಾನ್ ಕೆಡದಿರಲಿ ಎಂಬ ಎಚ್ಚರ ಇದು. ಯೋಜನೆಗೊಂದು ಪ್ರತ್ಯೇಕ ಪರಿಸರ ಮಾಡಿಕೊಳ್ಳಬೇಕು, ಅದಕ್ಕೆ ಬೇಕಾದ ವೆನ್‌ವ್ ಪೊಟ್ಟಣವನ್ನು ಬೇರೆಯಾಗಿ ಹಾಕಬೇಕು. ನಿಯಮ ಸರಿ. ಹೊಸಬರಿಗೆ ಹೇಳುವ ರೀತಿ ಇನ್ನಷ್ಟು ಮೃದುವಾಗಿರಬಹುದಿತ್ತು.

ಇನ್ನೊಂದು ಬದಲಾವಣೆ ನನಗೆ ಒಪ್ಪಿಗೆಯಿಲ್ಲ. ತಾತ್ಕಾಲಿಕ ಕಡತಗಳ 'ಟಿಎಂಪಿ' ಕೋಶ ಈಗ ಡಿಸ್ಕಿನಲ್ಲಿಲ್ಲ, ಸ್ಮೃತಿಯಲ್ಲಿದೆ; ಅರ್ಧದಷ್ಟು ಸ್ಮೃತಿಯನ್ನು ಅದು ನುಂಗಬಲ್ಲದು. 16 ಜಿಬಿ ಇರುವವರಿಗೆ ಇದು ವೇಗ, 4 ಜಿಬಿಯವರಿಗೆ ಇಕ್ಕಟ್ಟು. ದೊಡ್ಡ ಆಕರವನ್ನು ಅಲ್ಲಿ ಬಿಚ್ಚಿ ಸಂಕಲಿಸುವವರು ಮನೆಕೋಶವನ್ನೇ ಬಳಸುವುದು ಕ್ಷೇಮ.

ಕನ್ನಡದ ವಿಷಯ. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, 'ನುಡಿ'ಯಿಂದ ನಾಡೆಲ್ಲ ಹಬ್ಬಿದ ಕೀಲಿಮಣೆ ಇಲ್ಲಿ 'ಕಗಪ' ಹೆಸರಿನಲ್ಲಿ ಸಿದ್ಧವಿದೆ, ಬೇರೇನೂ ಹಾಕಬೇಕಿಲ್ಲ. ಗುಬ್ಬಿ, ನವಿಲು ಅಕ್ಷರಶೈಲಿಗಳು ಭಂಡಾರದಲ್ಲಿವೆ. ತೊಡಕು ಎದುರಾದದ್ದು ಪುಸ್ತಕಪಟ್ಟಿಯೊಂದನ್ನು ಅಕಾರಾದಿಯಾಗಿ ಜೋಡಿಸುವಾಗ. ಪೈಥಾನ್ ಯುನಿಕೋಡ್ ಸಂಖ್ಯೆಯನ್ನು ನೋಡುತ್ತದೆ. ಅಲ್ಲಿ 'ಳ' ಇರುವುದು 'ಲ'ದ ಬೆನ್ನಿಗೆ, ನಮ್ಮ ವರ್ಣಮಾಲೆಯಲ್ಲಿ 'ಹ'ದ ನಂತರ. ಹೀಗಾಗಿ 'ಕವಿತೆ'ಗಿಂತ ಮೊದಲು 'ಕಳಸ' ಬಂದು ಕೂರುತ್ತದೆ. ಭಾಷಾನಿಯಮಗಳನ್ನು ಬಲ್ಲ ಐಸಿಯು ಗ್ರಂಥಾಲಯ ಡೆಬಿಯನ್ ಭಂಡಾರದಲ್ಲೇ ಇದೆ, ಒಂದು ಆದೇಶದಲ್ಲಿ ಬರುತ್ತದೆ.

ಟರ್ಮಿನಲ್‌ಗೆ ಮಾತ್ರ ಇಂಥ ಮದ್ದಿಲ್ಲ. ಪ್ರತಿ ಸಂಕೇತಕ್ಕೂ ಒಂದು ಚೌಕ ಎಂಬ ಹಳೆಯ ಲೆಕ್ಕದಲ್ಲಿ ಅದು ಹುಟ್ಟಿದ್ದು. 'ಹಿರಿಯಡ್ಕ' ಎಂಬಲ್ಲಿ ನಮಗೆ ಕಾಣುವುದು ನಾಲ್ಕು ಅಕ್ಷರ, ಗಣಕಕ್ಕೆ ಎಂಟು ಸಂಕೇತ. ಒತ್ತಕ್ಷರ ಚದುರುತ್ತದೆ, ಸಾಲಿನ ಅಂಚು ತಪ್ಪುತ್ತದೆ. ಇದು ಡೆಬಿಯನ್ ಒಂದರದೇ ದೋಷವಲ್ಲ, ಆದರೂ ಕನ್ನಡದ ದತ್ತದೊಡನೆ ಕೆಲಸ ಮಾಡುವವರು ಫಲಿತಾಂಶವನ್ನು ಕಡತಕ್ಕೆ ಬರೆದು ಸಂಪಾದಕದಲ್ಲಿ ತೆರೆದು ನೋಡಬೇಕಾಗುತ್ತದೆ.

ಶಾಲೆ ಕಾಲೇಜುಗಳವರು ಸ್ಥಾಪನೆಗೆ ಮೊದಲು ಯಂತ್ರ 64 ಬಿಟ್‌ನದೇ ಎಂದು ನೋಡಿಕೊಳ್ಳಲಿ. 32 ಬಿಟ್ ಪಿಸಿಗಳಿಗೆ ಸ್ಥಾಪಕವನ್ನೂ ಕರ್ನಲನ್ನೂ ಈ ಆವೃತ್ತಿ ಕೈಬಿಟ್ಟಿದೆ.