ಒಪ್ಪಿಗೆಗೆ ಎರಡು ಮನೆ, ತಕರಾರಿಗೆ ಒಂದೇ

ಸೌಂದರ್ಯಕ್ಕಾಗಿ ಮಾಡಿಸಿಕೊಳ್ಳುವ ಸ್ತನ ಶಸ್ತ್ರಚಿಕಿತ್ಸೆಯಿಂದ ಹೆಂಗಸರಿಗೆ ಸಮಾಧಾನ ಸಿಕ್ಕಿತೇ ಎಂಬ ಚರ್ಚೆ ಎಲ್ಲೇ ನಡೆಯಲಿ, ಈಗ ಎದುರಾಗುವ ಹೆಸರು ಬ್ರೆಸ್ಟ್-ಕ್ಯೂ. ಆಂಡ್ರಿಯಾ ಪ್ಯೂಸಿಕ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಈ ಪ್ರಶ್ನಾವಳಿ ತೃಪ್ತಿಯನ್ನೂ ಬದುಕಿನ ಗುಣಮಟ್ಟವನ್ನೂ 0ಯಿಂದ 100ರ ಅಂಕಗಳಲ್ಲಿ ಹೇಳುತ್ತದೆ. ಮುಂಚೆ ಬಳಸುತ್ತಿದ್ದ ಎಸ್‌ಎಫ್-36 ಎಂಬ ಸಾಮಾನ್ಯ ಆರೋಗ್ಯದ ಪ್ರಶ್ನಾವಳಿ ಮೆಟ್ಟಿಲು ಹತ್ತುವುದು ಕಷ್ಟವೇ ಎಂದು ಕೇಳುತ್ತಿತ್ತು, ಸ್ತನದ ಸುದ್ದಿಯೇ ಅದರಲ್ಲಿರಲಿಲ್ಲ. ಆ ಕೊರತೆ ತುಂಬಿದ ಶ್ರೇಯಸ್ಸು ಪ್ಯೂಸಿಕ್ ಅವರಿಗೆ ಸಲ್ಲಲೇಬೇಕು. ಆದರೆ ಈ ಅಂಕಗಳನ್ನೇ ಕೊನೆಯ ತೀರ್ಪೆಂದು ಮುಂದಿಡುವುದನ್ನು ನಾನು ಒಪ್ಪಲಾರೆ.

ಫಲಿತಾಂಶದ ತೃಪ್ತಿಯನ್ನು ಅಳೆಯುವ ಭಾಗವನ್ನೇ ತೆಗೆದುಕೊಳ್ಳಿ. ಅಲ್ಲಿರುವುದು ಹೇಳಿಕೆಗಳು: ಬೇಕಾದರೆ ಮತ್ತೆ ಮಾಡಿಸಿಕೊಂಡೇನು, ಪಶ್ಚಾತ್ತಾಪವಿಲ್ಲ, ಬದುಕು ಸುಧಾರಿಸಿತು ಎಂಬ ಧಾಟಿಯವು. ಎಲ್ಲವೂ ಮೆಚ್ಚುಗೆಯ ಕಡೆಗೇ ವಾಲಿವೆ. ಗುರುತು ಹಾಕಲು ಮೂರು ಮನೆ: ಒಪ್ಪುವುದಿಲ್ಲ, ಸ್ವಲ್ಪಮಟ್ಟಿಗೆ ಒಪ್ಪುತ್ತೇನೆ, ಖಂಡಿತ ಒಪ್ಪುತ್ತೇನೆ. ಒಪ್ಪಿಗೆಗೆ ಎರಡು ಹಂತ, ತಕರಾರಿಗೆ ಒಂದೇ. ಹೊಲಿಗೆಯ ಕಲೆ ತುಸು ಎದ್ದು ಕಾಣುತ್ತದೆಂದು ಬೇಸರಪಟ್ಟವಳೂ, ಇಂಪ್ಲಾಂಟ್ ಸುತ್ತಲಿನ ಪೊರೆ ಬಿಗಿದು ಎದೆ ಗಟ್ಟಿಯಾಗಿ ಎರಡನೇ ಸಲ ಆಪರೇಷನ್‌ಗೆ ಒಳಗಾದವಳೂ ಒಂದೇ ಮನೆಯಲ್ಲಿ ಗುರುತು ಹಾಕಬೇಕು. ಅತ್ತ ಇತ್ತ ಹೊಯ್ದಾಡುವವಳಿಗೆ ನಡುವಿನ ಮನೆಯೇ ಗತಿ. ಅದಕ್ಕೂ ಒಪ್ಪಿಗೆಯೆಂದೇ ಹೆಸರು. ಸ್ವಂತ ದುಡ್ಡು ಸುರಿದು, ಮನೆಯವರನ್ನು ಎದುರುಹಾಕಿಕೊಂಡು ಮಾಡಿಸಿಕೊಂಡವಳು ಪಶ್ಚಾತ್ತಾಪದ ಸಾಲಿನೆದುರು ಬೇರೇನು ಬರೆದಾಳು?

ಬ್ರೆಸ್ಟ್-ಕ್ಯೂ ಅಂಕಗಳ ಹಿಂದಿರುವ ರಾಶ್ ಮಾದರಿಯ ಗಣಿತ ಒಂದೊಂದು ಹೇಳಿಕೆಯ ಕಠಿಣತೆಯನ್ನೂ ತೂಗಿಯೇ ಅಂಕ ಕೊಡುತ್ತದೆ ಎನ್ನುತ್ತಾರೆ ಸಮರ್ಥಕರು. ನಿಜ. ಆದರೆ ಹಾಳೆಯ ಮೇಲೆ ಜಾಗವೇ ಸಿಗದ ಅಸಮಾಧಾನವನ್ನು ಯಾವ ಗಣಿತ ತೂಗೀತು?

ಹಾಗೆಂದು ಹೆಂಗಸರ ಮಾತಿಗೇ ಬೆಲೆಯಿಲ್ಲ ಎನ್ನುವವರ ಪಾಳೆಯವನ್ನೂ ಸೇರಲಾರೆ. ‘ದ ಬ್ಯೂಟಿ ಮಿಥ್’ (1990) ಬರೆದ ನವೋಮಿ ವುಲ್ಫ್‌ಗೆ ಈ ಶಸ್ತ್ರಚಿಕಿತ್ಸೆ ಹೆಣ್ಣಿನ ಮೇಲಿನ ಹಿಂಸೆ, ಅಷ್ಟೇ. ನೆದರ್ಲೆಂಡ್ಸ್‌ನಲ್ಲಿ ಇದನ್ನು ಮಾಡಿಸಿಕೊಂಡವರ ಜೊತೆ ಕೂತು ಮಾತಾಡಿದ ಕ್ಯಾಥಿ ಡೇವಿಸ್ ‘ರೀಶೇಪಿಂಗ್ ದ ಫೀಮೇಲ್ ಬಾಡಿ’ಯಲ್ಲಿ (1995) ಅವರು ತಿಳಿದೇ ನಿರ್ಧರಿಸಿದವರು ಎಂದಾಗ, ಸಂಸ್ಕೃತಿಯ ಒತ್ತಡವನ್ನು ಹಗುರ ಮಾಡಿದಿರಿ ಎಂದು ಸ್ತ್ರೀವಾದಿ ಚಿಂತಕಿ ಸೂಸನ್ ಬೋರ್ಡೊ ಆಕ್ಷೇಪಿಸಿದರು. ಬೋರ್ಡೊ ಹೇಳುವ ಒತ್ತಡ ಸುಳ್ಳಲ್ಲ. ಆದರೂ ಈ ಜಗಳದಲ್ಲಿ ನಾನು ಡೇವಿಸ್ ಕಡೆ, ಏಕೆಂದರೆ ಕಿವಿಗೊಟ್ಟು ಕೇಳಿದವರು ಅವರು. ತೊಡಕುಗಳಿಂದ ನರಳಿದ ಕೆಲವರೂ ತಮ್ಮ ನಿರ್ಧಾರಕ್ಕೆ ಪಶ್ಚಾತ್ತಾಪ ಪಡಲಿಲ್ಲ ಎಂಬುದು ಅವರಿಗೆ ಸಿಕ್ಕದ್ದು ಹಾಗೆ ಕೇಳಿದ್ದರಿಂದಲೇ. ಅಂಥವಳ ಬಾಯಲ್ಲಿ ಪಶ್ಚಾತ್ತಾಪವಿಲ್ಲ ಎಂಬ ಮಾತಿನ ಬೆನ್ನಿಗೇ ‘ಆದರೆ’ ಎಂದು ನೋವಿನ ಕಥೆಯೂ ಬರುತ್ತದೆ. ಪ್ರಶ್ನಾವಳಿ ಮೊದಲರ್ಧ ಬರೆದುಕೊಂಡು ಅದನ್ನೇ ತೃಪ್ತಿ ಎನ್ನುತ್ತದೆ; ವುಲ್ಫ್ ಆ ಅರ್ಧವನ್ನೂ ನಂಬುವುದಿಲ್ಲ.

ಉತ್ತರಿಸುವವರು ಯಾರು ಎಂಬುದೂ ಮುಖ್ಯ. 2006ರಲ್ಲಿ ಸಿಲಿಕೋನ್ ಇಂಪ್ಲಾಂಟ್‌ಗಳಿಗೆ ಮತ್ತೆ ಅನುಮತಿ ಕೊಟ್ಟ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಸಾವಿರಾರು ಹೆಂಗಸರನ್ನು 10 ವರ್ಷ ಗಮನಿಸಬೇಕೆಂದು ಷರತ್ತು ಹಾಕಿತು. 2011ರ ವರದಿ ನೋಡಿದರೆ, ಇಂಪ್ಲಾಂಟ್ ತಯಾರಿಸುವ ಮೆಂಟರ್ ಕಂಪನಿಯ ಅಧ್ಯಯನದಲ್ಲಿ ಮೂರನೇ ವರ್ಷಕ್ಕೆ ಉಳಿದವರು ಶೇ. 21 ಮಾತ್ರ. ನಡುವೆ ಬಿಟ್ಟುಹೋದವರು ಸುಖವಾಗಿದ್ದರೋ ಸಂಕಟದಲ್ಲಿದ್ದರೋ, ಲೆಕ್ಕಕ್ಕೆ ಬರಲಿಲ್ಲ. ಇಂಪ್ಲಾಂಟ್ ಬಾಳಪೂರ್ತಿ ಇರುವ ಸಾಧನವಲ್ಲ ಎಂದು ಎಫ್‌ಡಿಎಯೇ ಹೇಳುತ್ತದೆ. ಹಾಗಿರುವಾಗ ಮೊದಲ ವರ್ಷದ ಅಂಕ ಹಿಡಿದು ಬದುಕಿನ ಗುಣಮಟ್ಟದ ಮಾತಾಡುವುದು ಅವಸರ.

ಇಷ್ಟೆಲ್ಲ ಗದ್ದಲದಲ್ಲಿ ಮೂಲೆಗೆ ಬಿದ್ದಿರುವುದು ಸ್ತನದ ಗಾತ್ರ ತಗ್ಗಿಸುವ ಶಸ್ತ್ರಚಿಕಿತ್ಸೆ. ಹೆಗಲಲ್ಲಿ ಬ್ರಾ ಪಟ್ಟಿ ಕೊರೆದ ಗುಳಿ, ಕತ್ತು ಬೆನ್ನಿನ ನೋವು, ಬೆವರಿಗೆ ಸ್ತನದಡಿ ಏಳುವ ಗುಳ್ಳೆ — ಇಲ್ಲಿಯ ಉಪಶಮನ ಎಸ್‌ಎಫ್-36ರ ಅಂಕಗಳಲ್ಲೂ ಕಾಣಿಸುತ್ತದೆ. ಆದರೂ ನಮ್ಮ ಆರೋಗ್ಯ ವಿಮೆಯ ನಿಯಮ ಸೌಂದರ್ಯ ಶಸ್ತ್ರಚಿಕಿತ್ಸೆಯನ್ನು ಹೊರಗಿಡುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ಇಲ್ಲದಿದ್ದರೆ, ಆರೋಗ್ಯಕ್ಕೆ ನೇರ ಅಪಾಯವಿದೆಯೆಂದು ವೈದ್ಯರು ಬರೆದುಕೊಡಬೇಕು. ವರ್ಷಗಟ್ಟಲೆ ಹೆಗಲು ಹಿಡಿದುಕೊಂಡು ಓಡಾಡುವವಳ ನೋವು ಆ ‘ನೇರ ಅಪಾಯ’ಕ್ಕೆ ಸೇರುತ್ತದೆಂದು ಒಪ್ಪಿಸುವುದು ಸುಲಭವಲ್ಲ. ಬ್ರೆಸ್ಟ್-ಕ್ಯೂ ನಿಜಕ್ಕೂ ಕೆಲಸಕ್ಕೆ ಬರಬಹುದಾದ ಜಾಗ ಇದು: ಶಸ್ತ್ರಚಿಕಿತ್ಸೆಗೆ ಮೊದಲು ಅವಳು ತುಂಬಿದ ಹಾಳೆಯನ್ನು ವೈದ್ಯರ ಪತ್ರದ ಜೊತೆ ವಿಮಾ ಕಚೇರಿಗೆ ಕಳಿಸಿ.